ಗಲ್ಫ್‌ನಲ್ಲಿರುವವರ ವಿಲ್: ನಾಮಿನಿ ಇದ್ದರೆ ಸಾಕೇ? ಪ್ರೊಬೇಟ್ ಕಡ್ಡಾಯವೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅನೇಕ ಮನೆಗಳವರು ಹೊರದೇಶದಲ್ಲಿ ದುಡಿಯುತ್ತಿದ್ದಾರೆ. ಊರಿನಲ್ಲಿ ಮನೆ, ಅಡಿಕೆ ತೋಟ. ದುಬೈಯಲ್ಲೋ ಅಬುಧಾಬಿಯಲ್ಲೋ ಸಂಬಳದ ಖಾತೆ, ಕಂಪನಿಯಿಂದ ಬರಬೇಕಾದ ಗ್ರಾಚ್ಯುಟಿ. ಆ ವ್ಯಕ್ತಿ ಹಠಾತ್ತಾಗಿ ತೀರಿಕೊಂಡರೆ ಇವು ಯಾರಿಗೆ? ಈ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಕೇಳಿಬರುವ ನಾಲ್ಕು ಮಾತುಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

ಹೇಳಿಕೆ 1: ಗಲ್ಫ್‌ನಲ್ಲಿ ಸತ್ತರೆ ಅಲ್ಲಿನ ಹಣ ಆ ಸರ್ಕಾರಕ್ಕೆ ಹೋಗುತ್ತದೆ.

ವಾಸ್ತವ: ತಪ್ಪು. ಯುಎಇಯನ್ನೇ ನೋಡೋಣ. ಸಾವಿನ ಸುದ್ದಿ ತಿಳಿದ ಮೇಲೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ. ವಾರಸುದಾರರು ಯಾರೆಂದು ನ್ಯಾಯಾಲಯ ಹೇಳಿದ ಬಳಿಕ ಹಣ ಅವರಿಗೇ ಸಿಗುತ್ತದೆ. 2023ರ ಫೆಬ್ರವರಿ 1ರಿಂದ ಅಲ್ಲಿ ಮುಸ್ಲಿಮೇತರರಿಗೆ ಪ್ರತ್ಯೇಕ ಕಾನೂನಿದೆ. ವಿಲ್ ಇಲ್ಲದಿದ್ದರೆ ಅರ್ಧ ಪಾಲು ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಗಂಡು-ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ. ಮೃತರ ಸ್ವದೇಶದ ಕಾನೂನು ಅನ್ವಯಿಸಿ ಎಂದು ವಾರಸುದಾರರು ಕೇಳಲೂ ಅವಕಾಶವಿದೆ. ಮುಸ್ಲಿಮರಿಗೆ ಇಸ್ಲಾಮಿಕ್ ಕಾನೂನಿನ ಪಾಲುಗಳು ಅನ್ವಯಿಸುತ್ತವೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಊರಿನ ಸ್ವಯಾರ್ಜಿತ ಜಾಗಕ್ಕೆ ನಮ್ಮ ದೇಶದ ಕಾನೂನೇ ಅನ್ವಯ. ಹಿಂದೂ ಪುರುಷ ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು. ಯುಎಇಯ ಈ ನಿಯಮದಲ್ಲಾದರೆ ಮಕ್ಕಳಿರುವಾಗ ತಾಯಿಗೆ ಪಾಲಿಲ್ಲ. ಕ್ರೈಸ್ತರಾದರೆ ಊರಿನ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಎರಡು. ಮಕ್ಕಳಿದ್ದರೆ ತಾಯಿಗೆ ಇಲ್ಲ. ವಯಸ್ಸಾದ ಅಮ್ಮನನ್ನು ಸಾಕುತ್ತಿರುವವರು ಇದಕ್ಕಾಗಿಯಾದರೂ ವಿಲ್ ಬರೆಯಬೇಕು.

ಹೇಳಿಕೆ 2: ನಾಮಿನಿ ಹೆಸರು ಕೊಟ್ಟಿದ್ದರೆ ವಿಲ್ ಬೇಕಿಲ್ಲ.

ವಾಸ್ತವ: ತಪ್ಪು. ನಾಮಿನಿ ಎಂದರೆ ಸಾಮಾನ್ಯವಾಗಿ ಹಣವನ್ನು ಪಡೆದುಕೊಳ್ಳುವವರು, ಅದರ ಒಡೆಯರಲ್ಲ. ಜೀವವಿಮೆಯ ಬಗ್ಗೆ 1984ರಲ್ಲಿ, ಕಂಪನಿ ಷೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ವಿಮೆಯಲ್ಲಿ ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ 2015ರ ತಿದ್ದುಪಡಿಯಂತೆ ಅವರಿಗೆ ಹೆಚ್ಚಿನ ಹಕ್ಕಿದೆ. ಬ್ಯಾಂಕ್ ಠೇವಣಿಗೆ ಮದುವೆಗೆ ಮೊದಲು ಅಣ್ಣನ ಹೆಸರು ಕೊಟ್ಟು ಮರೆತವರು ಈಗಲೇ ಬದಲಿಸಿಕೊಳ್ಳಿ.

ಹೇಳಿಕೆ 3: ವಿಲ್ ಇದ್ದರೂ ಪ್ರೊಬೇಟ್ ಇಲ್ಲದೆ ಜಾಗ ಹೆಸರಿಗಾಗದು.

ವಾಸ್ತವ: ನಮ್ಮ ಜಿಲ್ಲೆಯ ಮಟ್ಟಿಗೆ ತಪ್ಪು. ‘ಈ ವಿಲ್ ನಿಜ’ ಎಂದು ನ್ಯಾಯಾಲಯ ಕೊಡುವ ಪ್ರಮಾಣವೇ ಪ್ರೊಬೇಟ್. ಹಿಂದೂಗಳಿಗೆ ಇದು ಕಡ್ಡಾಯವೆಂಬ ನಿಯಮ ಇದ್ದದ್ದು ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಬರೆದ ವಿಲ್ ಅಥವಾ ಅಲ್ಲಿನ ಸ್ಥಿರಾಸ್ತಿಗೆ. ಮುಂಬೈಯಲ್ಲಿ ನೆಲೆಸಿದ ನಮ್ಮವರಿಂದ ಆ ಮಾತು ಊರಿಗೂ ಬಂದಿರಬಹುದು. ಭಾರತೀಯ ಕ್ರೈಸ್ತರಿಗೆ 2002ರಲ್ಲೇ ವಿನಾಯಿತಿ ಸಿಕ್ಕಿದೆ. ವಿಲ್ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಪಹಣಿ ಬದಲಾವಣೆಗೆ ಅರ್ಜಿ ಕೊಡಬಹುದು. ಯಾರಾದರೂ ತಕರಾರು ಎತ್ತಿದರೆ ಮಾತ್ರ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗುತ್ತದೆ.

ಹೇಳಿಕೆ 4: ವಿಲ್‌ಗೆ ಛಾಪಾ ಕಾಗದ, ರಿಜಿಸ್ಟ್ರಿ ಬೇಕೇ ಬೇಕು, ಊರಿಗೆ ಬರದೆ ಆಗದು.

ವಾಸ್ತವ: ತಪ್ಪು. ಬಿಳಿ ಹಾಳೆ ಸಾಕು, ಕೈಬರಹವೂ ಆದೀತು. ಬರೆದವರ ಸಹಿ, ಅದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ದುಬೈಯ ಕೋಣೆಯಲ್ಲೇ ಇದನ್ನು ಮಾಡಬಹುದು. ನೋಂದಣಿ ಐಚ್ಛಿಕ, ಮುಂದೆ ರಜೆಯಲ್ಲಿ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ‘ನಕಲಿ ವಿಲ್’ ಎಂಬ ಆರೋಪ ಎದುರಿಸುವುದು ಸುಲಭ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಕ್ರೈಸ್ತರ ವಿಲ್‌ನಲ್ಲಿ ಸಾಕ್ಷಿಗೆ ಬರೆದ ಪಾಲು ಊರ್ಜಿತವಾಗುವುದಿಲ್ಲ. ಮದುವೆಗೆ ಮೊದಲು ಬರೆದ ವಿಲ್ ಕೂಡ ಮದುವೆಯಾದೊಡನೆ ರದ್ದಾಗುತ್ತದೆ.

ನಮ್ಮ ಊರಿನ ವಿಶೇಷಗಳು

ಅಳಿಯಸಂತಾನ ಕುಟುಂಬದವರು ಕುಟುಂಬದ ಆಸ್ತಿಯಲ್ಲಿನ ತಮ್ಮ ಪಾಲನ್ನು ವಿಲ್ ಮೂಲಕ ಕೊಡಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವಕಾಶ ಕೊಟ್ಟಿದೆ. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಿಲ್ ಮಾಡಬಹುದು. ವಾರಸುದಾರರಿಗೇ ಬರೆದರೆ ಉಳಿದವರ ಒಪ್ಪಿಗೆ ಬೇಕು. ಕುಮ್ಕಿ ಸರ್ಕಾರಿ ಜಾಗ. ಅದನ್ನು ಸ್ವಂತ ಜಾಗವೆಂದು ವಿಲ್‌ನಲ್ಲಿ ಬರೆದರೂ ಒಡೆತನ ಬರುವುದಿಲ್ಲ.

ಎರಡು ವಿಲ್ ಬರೆಯುವವರಿಗೆ ಎಚ್ಚರಿಕೆ

ಯುಎಇಯ ಆಸ್ತಿಗೆ ಅಲ್ಲಿ, ಊರಿನದಕ್ಕೆ ಇಲ್ಲಿ ಬೇರೆ ಬೇರೆ ವಿಲ್ ಮಾಡುವುದು ಅನುಕೂಲ. ಆದರೆ ‘ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲು ಸಿದ್ಧ ನಮೂನೆಗಳಲ್ಲಿ ಸಾಮಾನ್ಯ. ಅದನ್ನು ಹಾಗೆಯೇ ಉಳಿಸಿದರೆ ಎರಡನೆಯ ವಿಲ್ ಮೊದಲನೆಯದನ್ನು ಅಳಿಸಿಹಾಕಬಹುದು. ‘ಈ ವಿಲ್ ಯುಎಇಯ ಆಸ್ತಿಗೆ ಮಾತ್ರ’ ಎಂದು ಸ್ಪಷ್ಟವಾಗಿ ಬರೆಸಿ. ಎರಡನ್ನೂ ವಕೀಲರಿಗೆ ಒಟ್ಟಿಗೆ ತೋರಿಸಿ.

ಕೊನೆಯದಾಗಿ, ವಿಲ್ ಎಲ್ಲಿಟ್ಟಿದ್ದೀರಿ, ಖಾತೆ ಯಾವ ಬ್ಯಾಂಕಿನಲ್ಲಿದೆ ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಯಾರಿಗೂ ಸಿಗದ ವಿಲ್ ಬರೆಯದ ವಿಲ್‌ನಂತೆಯೇ.