ರಿಕಾಪು ಎಟುಕದ ರಾವುತರು

1831ರ ಮಳೆಗಾಲ. ರಾವಿ ನದಿಯ ಪ್ರವಾಹಕ್ಕೆ ಎದುರಾಗಿ ಐದು ಕುದುರೆಗಳು ದೋಣಿಯಲ್ಲಿ ಲಾಹೋರಿಗೆ ಬರುತ್ತಿದ್ದವು. ಒಂದು ಗಂಡು, ನಾಲ್ಕು ಹೆಣ್ಣು. ಇಂಗ್ಲೆಂಡಿನ ದೊರೆ ನಾಲ್ಕನೇ ವಿಲಿಯಂ ಪಂಜಾಬಿನ ಮಹಾರಾಜ ರಣಜಿತ್ ಸಿಂಗನಿಗೆ ಕಳಿಸಿದ್ದ ಉಡುಗೊರೆ. ಜೊತೆಗಿದ್ದವನು ಅಲೆಕ್ಸಾಂಡರ್ ಬರ್ನ್ಸ್ ಎಂಬ ಇಪ್ಪತ್ತಾರರ ಲೆಫ್ಟಿನೆಂಟ್. ಇಷ್ಟು ಭಾರಿ ಪ್ರಾಣಿಗಳನ್ನು ನೆಲದ ಮೇಲೆ ಅಷ್ಟು ದೂರ ನಡೆಸಲಾದೀತೇ ಎಂಬುದು ಹೊರಗೆ ಹೇಳಿದ ಮಾತು; ಸಿಂಧೂ ನದಿಯ ಆಳ ಅಗಲ ಅಳೆದುಕೊಳ್ಳುವುದು ಒಳಗಿನ ಕೆಲಸ. ಕುದುರೆ ನೆಪ, ನದಿ ಜಪ.

ದಾರಿಯಲ್ಲಿ ಎದುರುಗೊಳ್ಳಲು ಬಂದ ಸಿಖ್ ಸರದಾರರಿಗೆ ನದಿಯ ಅಳತೆಯ ಗುಮಾನಿ ಬಂತೋ ಇಲ್ಲವೋ, ಅವರ ಕಣ್ಣು ಮಾತ್ರ ಕುದುರೆಯ ಗೊರಸಿನ ಮೇಲೆ ಬಿತ್ತು. ಒಂದು ಲಾಳ ಬಿಚ್ಚಿಸಿ ತಕ್ಕಡಿಗೆ ಹಾಕಿದರು. ನೂರು ರೂಪಾಯಿ ನಾಣ್ಯಗಳ ತೂಕ, ಈಗಿನ ಲೆಕ್ಕದಲ್ಲಿ ಕಿಲೋಗೂ ಮೇಲೆ. ಆ ಸೀಮೆಯ ಕುದುರೆಯ ನಾಲ್ಕು ಲಾಳ ಸೇರಿದರೆ ಎಷ್ಟೋ ಇದೊಂದೇ ಅಷ್ಟು. ಆ ಲಾಳವನ್ನೂ ಐದು ಕುದುರೆಗಳ ಅಳತೆಯನ್ನೂ ಸವಾರರ ಕೈಯಲ್ಲಿ ಮುಂದಾಗಿ ಲಾಹೋರಿಗೆ ಓಡಿಸಿದರು. ಕುದುರೆಗಳನ್ನು ಕಣ್ಣಾರೆ ಕಂಡಾಗ ಮಹಾರಾಜ ಇವು ಕುದುರೆಯಲ್ಲ, ಸಣ್ಣ ಆನೆಗಳು ಎಂದನಂತೆ.

ಹಾಗೆಂದವನ ಎತ್ತರ ಐದಡಿ ಮೂರು ಇಂಚು ಮೀರದು ಎಂದು ಬರ್ನ್ಸ್ ಬರೆದಿಟ್ಟಿದ್ದಾನೆ. ಚಿಕ್ಕಂದಿನ ಸಿಡುಬು ಒಂದು ಕಣ್ಣನ್ನು ನುಂಗಿ ಮುಖದ ತುಂಬ ಕಲೆ ಉಳಿಸಿತ್ತು. ಆದರೆ ಕುದುರೆಯ ವಿಷಯಕ್ಕೆ ಬಂದರೆ ಆ ಕಾಲದ ಹಿಂದೂಸ್ಥಾನದಲ್ಲಿ ಅವನಷ್ಟು ಹುಚ್ಚು ಹಚ್ಚಿಕೊಂಡ ಅರಸನನ್ನು ಹುಡುಕುವುದು ಕಷ್ಟ. ಪೇಶಾವರದ ಯಾರ್ ಮಹಮ್ಮದ್ ಖಾನನ ಲಾಯದಲ್ಲಿ ಲೈಲಿ ಎಂಬ ಕುದುರೆ ಇದೆಯೆಂದು ತಿಳಿದು, ಅದಕ್ಕಾಗಿ ದಂಡು ಕಳಿಸಿದ. ಒಂದು ಸಲವಲ್ಲ. ಕೊನೆಗೆ ಅದು ಕೈಸೇರುವ ಹೊತ್ತಿಗೆ ಅರವತ್ತು ಲಕ್ಷ ರೂಪಾಯಿ, ಹನ್ನೆರಡು ಸಾವಿರ ಜನ ಖರ್ಚಾಗಿತ್ತು ಎಂದು ಹೇಳಿಕೊಂಡವನು ಅವನೇ. ರಾಜರು ತಮ್ಮ ಖರ್ಚನ್ನು ಉಬ್ಬಿಸಿ ಹೇಳುವುದುಂಟು, ಅರ್ಧಕ್ಕರ್ಧ ಕಳೆದರೂ ಉಳಿಯುವುದು ಗಾಬರಿಯ ಮೊತ್ತವೇ. 1836ರಲ್ಲಿ ಲಾಹೋರಿಗೆ ಬಂದ ಆಸ್ಟ್ರಿಯದ ಬ್ಯಾರನ್ ಹ್ಯೂಗೆಲ್ ಲೈಲಿಯನ್ನು ಹತ್ತಿರದಿಂದ ನೋಡಿದ: ಕಾಲಿಗೆ ಚಿನ್ನದ ಬಳೆ, ಕಡುಬೂದು ಮೈ, ಕಪ್ಪು ಕಾಲು, ಹದಿನಾರು ಹ್ಯಾಂಡ್ ಎತ್ತರ.

ಕುದುರೆಯನ್ನು ಅಳೆಯುವ ಹ್ಯಾಂಡ್ ಎಂದರೆ ನಾಲ್ಕು ಇಂಚು. ಅಳೆಯುವುದು ತಲೆಯವರೆಗಲ್ಲ, ಕತ್ತು ಬೆನ್ನಿಗೆ ಸೇರುವ ಹೆಗಲಿನ ದಿಬ್ಬದವರೆಗೆ. ಹದಿನಾರು ಹ್ಯಾಂಡ್ ಎಂದರೆ ಅರವತ್ತನಾಲ್ಕು ಇಂಚು, ಐದಡಿ ನಾಲ್ಕು. ಅಂದರೆ ಲೈಲಿಯ ಪಕ್ಕ ನಿಂತರೆ ಮಹಾರಾಜನಿಗೆ ಅದರ ಬೆನ್ನಿನ ಆಚೆ ಏನಿದೆ ಎಂದು ಕಾಣುವಂತಿರಲಿಲ್ಲ.

ಹಾಗಾದರೆ ಹತ್ತುತ್ತಿದ್ದದ್ದು ಹೇಗೆ? ಆಗಿನ ಲಾಹೋರ್ ದರ್ಬಾರನ್ನು ಕಂಡ ಯುರೋಪಿಯನ್ನರು ಬರೆದಿಟ್ಟ ಚಿತ್ರ ಇದು. ಅಷ್ಟು ಹೊತ್ತಿಗೆ ರಣಜಿತನಿಗೆ ಲಕ್ವ ಬೇರೆ ಹೊಡೆದಿತ್ತು. ಆಳೊಬ್ಬ ಮಂಡಿಯೂರಿ ಕೂರುತ್ತಿದ್ದ. ಮಹಾರಾಜ ಅವನ ಕತ್ತಿನ ಆಚೆ ಈಚೆ ಕಾಲು ಹಾಕಿ ಹೆಗಲೇರುತ್ತಿದ್ದ, ಜಾತ್ರೆಯಲ್ಲಿ ಅಪ್ಪನ ಹೆಗಲೇರಿದ ಮಗುವಿನ ಹಾಗೆ. ಆಳು ಎದ್ದು ಕುದುರೆಯ ಮಗ್ಗುಲಿಗೆ ಬರುತ್ತಿದ್ದ. ಮಹಾರಾಜ ಒಂದು ಕಾಲನ್ನು ಜೀನಿನಿಂದ ಇಳಿಬಿಟ್ಟ ರಿಕಾಪಿಗೆ ಕೊಟ್ಟು, ಕೈಯಲ್ಲಿ ಜೂಲು ಹಿಡಿದು, ಇನ್ನೊಂದು ಕಾಲನ್ನು ಆಳಿನ ತಲೆಯ ಮೇಲಿಂದಲೇ ಹಾಯಿಸಿ ಜೀನಿನ ಆಚೆಗೆ ಹಾಕುತ್ತಿದ್ದ. ನೆಲದ ಮೇಲೆ ಕಾಲೆಳೆಯುತ್ತಿದ್ದವನು ಕುದುರೆಯ ಮೇಲೆ ಕೂತೊಡನೆ ಬೇರೆಯೇ ಮನುಷ್ಯನಾಗುತ್ತಿದ್ದ, ಮೈಗೆ ಒಂದು ಚೆಲುವೇ ಬರುತ್ತಿತ್ತು ಎನ್ನುತ್ತಾನೆ ಹ್ಯೂಗೆಲ್. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ಈ ಮನುಷ್ಯನಿಗೆ ಕುದುರೆ ಕಂಡರೆ ಕಾಲುನೋವು ಹೋಗುತ್ತಿತ್ತು.

ಇಷ್ಟಾಗಿಯೂ ಅವನ ಹೆಸರಿನ ಜೊತೆಗೆ ಉಳಿದದ್ದು ಲೈಲಿ. ವಿಲಿಯಂ ದೊರೆಯ ಸಣ್ಣ ಆನೆಗಳಲ್ಲ. ಕಾರಣ ಎತ್ತರವಲ್ಲ. ಅವು ಇಂಗ್ಲೆಂಡಿನಲ್ಲಿ ಬೀರಿನ ಪೀಪಾಯಿ ತುಂಬಿದ ಬಂಡಿಗಳನ್ನು ಎಳೆಯುವ ತಳಿ. ಲಾಹೋರಿನವರು ಅವು ನಾಗಾಲೋಟ ಓಡಬೇಕು, ಚುರುಕಾಗಿ ತಿರುಗಬೇಕು, ಯುದ್ಧದ ಕುದುರೆಯ ಆಟವೆಲ್ಲ ಆಡಬೇಕು ಎಂದು ಕಾದರು. ಬಂಡಿ ಎಳೆಯುವ ಎತ್ತನ್ನು ಕಂಬಳಕ್ಕೆ ಇಳಿಸಿದ ಹಾಗೆ. ಅದಕ್ಕಿಂತ ದೊಡ್ಡ ತೊಡಕು ಬೆನ್ನಿನ ಅಗಲ. ಪೀಪಾಯಿ ಎಳೆಯುವ ಕುದುರೆ ತಾನೇ ಒಂದು ಪೀಪಾಯಿ. ಗಿಡ್ಡ ಕಾಲಿನವನು ಅದರ ಮೇಲೆ ಕೂತರೆ ತೊಡೆ ಎರಡೂ ಅಡ್ಡಡ್ಡ ಚಾಚಿಕೊಳ್ಳುತ್ತವೆ, ಹಿಮ್ಮಡಿ ಕುದುರೆಯ ಪಕ್ಕೆಗೆ ತಾಗುವುದೇ ಇಲ್ಲ. ಹಿಮ್ಮಡಿ ತಾಗದಿದ್ದರೆ ಸವಾರ ಹೇಳುವುದು ಕುದುರೆಗೆ ಕೇಳುವುದೂ ಇಲ್ಲ. ಎತ್ತರವಾದರೂ ಪಕ್ಕೆ ಕಿರಿದಾದ ಕುದುರೆ ಅಂಥವನಿಗೆ ಒಗ್ಗುತ್ತದೆ. ಎತ್ತರ ಕಡಿಮೆಯಿದ್ದು ಹೊಟ್ಟೆ ಡೋಲಿನಂತಿರುವುದು ಒಗ್ಗುವುದಿಲ್ಲ. ಕುದುರೆ ಆರಿಸುವಾಗ ಹೊಸಬರು ಹೆಗಲಿನ ಎತ್ತರ ನೋಡುತ್ತಾರೆ, ಪಳಗಿದವರು ಪಕ್ಕೆಯ ಸುತ್ತಳತೆ ನೋಡುತ್ತಾರೆ.

ಇದು ಹೊಸ ತಿಳಿವಳಿಕೆಯೇನಲ್ಲ. ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಗ್ರೀಸಿನ ಕ್ಸೆನಫನ್ ಕುದುರೆ ಸವಾರಿಯ ಮೇಲೆ ಒಂದು ಪುಸ್ತಿಕೆ ಬರೆದ. ಕುದುರೆ ಕೊಳ್ಳುವವನು ಗೊರಸಿನಿಂದ ಶುರುಮಾಡಿ ಮೇಲಕ್ಕೆ ನೋಡುತ್ತ ಹೋಗಲಿ ಎಂಬುದು ಅವನ ಕ್ರಮ. ಬೆನ್ನಿನ ಮೂಳೆ ಎದ್ದು ಕಾಣದೆ ಎರಡೂ ಕಡೆ ಮಾಂಸ ತುಂಬಿರುವ ಕುದುರೆ ಕೂರಲು ಮೆತ್ತಗೆ ಎನ್ನುತ್ತಾನೆ. ಆಗ ಜೀನೂ ಇಲ್ಲ, ರಿಕಾಪೂ ಇಲ್ಲ, ಬೆನ್ನೇ ಪೀಠ. ಹತ್ತುವುದಕ್ಕೆ ಈಟಿಯನ್ನು ನೆಲಕ್ಕೂರಿ ಹಾರಬೇಕು. ಜಿಗಿಯಲಾರದ ಮುದುಕರು, ಕಾಯಿಲೆಯವರು ಏನು ಮಾಡಬೇಕು? ಪರ್ಷಿಯನ್ನರ ರೀತಿಯಲ್ಲಿ ಒಡೆಯನ ಕಾಲು ಹಿಡಿದು ಮೇಲಕ್ಕೆತ್ತುವುದನ್ನು ಕುದುರೆಯ ಆಳು ಕಲಿತಿರಲಿ ಎಂದು ಒಂದು ಸಾಲು ಸೇರಿಸಿದ. ಈ ಪರ್ಷಿಯದ ಪಟ್ಟು ಇಪ್ಪತ್ತನಾಲ್ಕು ಶತಮಾನ ದಾಟಿ ಬಂದಿದೆ.

ಕ್ಸೆನಫನ್ನನ ನಂತರದ ತಲೆಮಾರಿನ ಅಲೆಕ್ಸಾಂಡರನೂ ಎತ್ತರದ ಆಳಲ್ಲ. ಸೂಸಾದ ಅರಮನೆಯಲ್ಲಿ ದಾರಿಯಸನ ಸಿಂಹಾಸನ ಏರಿದಾಗ ಅವನ ಕಾಲು ಪಾದಪೀಠವನ್ನು ಮುಟ್ಟಲಿಲ್ಲ. ಕೆಳಗೆ ಊಟದ ಮೇಜೊಂದನ್ನು ತಂದಿಡಬೇಕಾಯಿತು. ಬುಕೆಫಲಸನ ಕತೆ ಶಾಲೆಯ ಪುಸ್ತಕ ಓದಿದವರಿಗೆಲ್ಲ ಗೊತ್ತು: ಯಾರನ್ನೂ ಹತ್ತಿರ ಬಿಡದ ಕುದುರೆ ತನ್ನದೇ ನೆರಳಿಗೆ ಬೆದರುತ್ತಿದೆ ಎಂದು ಹುಡುಗ ಅಲೆಕ್ಸಾಂಡರ್ ಕಂಡುಕೊಂಡು, ಅದರ ಮೋರೆಯನ್ನು ಸೂರ್ಯನ ಕಡೆ ತಿರುಗಿಸಿ ಹತ್ತಿದ. ಅದಕ್ಕೂ ಮೊದಲು ಸೋತು ಹಿಂದೆ ಸರಿದವರೆಲ್ಲ ಅವನಿಗಿಂತ ದೊಡ್ಡವರು, ಗಟ್ಟಿಗರು. ಆ ಕತೆಯಲ್ಲಿ ಜನ ಧೈರ್ಯವನ್ನು ಮೆಚ್ಚುತ್ತಾರೆ. ಮೆಚ್ಚಬೇಕಾದದ್ದು ಅವನ ಕಣ್ಣನ್ನು. ಇದೇ ಕುದುರೆ ಮುಂದೆ ರಾಜನಿಗೆ ಹತ್ತಲು ಅನುಕೂಲವಾಗಲೆಂದು ತಾನೇ ಮಂಡಿ ಮಡಿಸುತ್ತಿತ್ತು ಎಂದೂ ಹಳಬರು ಬರೆದಿದ್ದಾರೆ.

ರೋಮಿನವರು ಇದಕ್ಕೊಂದು ಸಾರ್ವಜನಿಕ ಪರಿಹಾರ ಹುಡುಕಿದರು. ಕ್ರಿ.ಪೂ. 120ರ ದಶಕದಲ್ಲಿ ಗಾಯಸ್ ಗ್ರಾಕಸ್ ರಸ್ತೆಗಳನ್ನು ಹಾಕಿಸಿದಾಗ, ಯಾರ ನೆರವೂ ಇಲ್ಲದೆ ಕುದುರೆ ಹತ್ತಲು ಇಕ್ಕೆಲದಲ್ಲೂ ಕಲ್ಲು ನೆಡಿಸಿದ. ನಮ್ಮ ಹಳೆಯ ದಾರಿಗಳಲ್ಲಿ ತಲೆಹೊರೆ ಇಳಿಸಲು ಹೊರೆಗಲ್ಲು ಇರುತ್ತಿದ್ದವಲ್ಲ, ಹಾಗೆ ಏರುಗಲ್ಲು. ಅದೇ ರೋಮಿನ ಚಕ್ರವರ್ತಿ ವ್ಯಾಲೇರಿಯನ್ ಕ್ರಿ.ಶ. 260ರಲ್ಲಿ ಪರ್ಷಿಯದ ಶಾಪುರನ ಸೆರೆಯಾದ ಮೇಲೆ, ಶಾಪುರ ಅವನ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡು ಕುದುರೆ ಏರುತ್ತಿದ್ದನೆಂದು ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಬರೆದ. ವ್ಯಾಲೇರಿಯನ್ ಕ್ರೈಸ್ತರನ್ನು ಪೀಡಿಸಿದವನು. ಆದ್ದರಿಂದ ಈ ಕತೆಯನ್ನು ಉಪ್ಪು ನೋಡಿಕೊಂಡೇ ಉಣ್ಣಬೇಕು.

ರಿಕಾಪು ಬಂದದ್ದು ತಡವಾಗಿ. ಹಳಗನ್ನಡದ ರಾವುತರು ಇದನ್ನು ಅಂಕವಣಿ ಎನ್ನುತ್ತಿದ್ದರು. ಕ್ರಿಸ್ತಪೂರ್ವದ ಸಾಂಚಿಯ ಶಿಲ್ಪಗಳಲ್ಲಿ ಬರಿಗಾಲಿನ ಹೆಬ್ಬೆರಳು ತೂರುವಷ್ಟು ಹಗ್ಗದ ಕುಣಿಕೆ ಕಾಣುತ್ತದೆ. ಚೀನಾದ ಚಾಂಗ್‌ಷಾದಲ್ಲಿ ಕ್ರಿ.ಶ. 302ರ ಗೋರಿಯೊಂದರಲ್ಲಿ ಸಿಕ್ಕ ಮಣ್ಣಿನ ಗೊಂಬೆಯ ಕುದುರೆಗೆ ರಿಕಾಪು ಇರುವುದು ಎಡಗಡೆ ಮಾತ್ರ, ಅದೂ ಗಿಡ್ಡ ಪಟ್ಟಿಯಲ್ಲಿ. ಸವಾರನ ಕಾಲು ಅದರಲ್ಲಿಲ್ಲ. ಸವಾರಿಗಲ್ಲ, ಹತ್ತುವುದಕ್ಕೆ ಮಾತ್ರ. ಇನ್ನೊಂದು ಪಕ್ಕಕ್ಕೂ ಅದನ್ನು ಕಟ್ಟಿ, ಕಾಲನ್ನು ಒಳಗೇ ಇಟ್ಟುಕೊಂಡು ಯುದ್ಧ ಮಾಡಬಹುದೆಂದು ತಿಳಿದದ್ದು ಆಮೇಲೆ. ಈಟಿ ಹಿಡಿದ ಸವಾರರ ದಂಡುಗಳ ಬಗ್ಗೆ, ರಿಕಾಪು ಬದಲಿಸಿದ ರಾಜ್ಯಗಳ ಬಗ್ಗೆ ಇತಿಹಾಸಕಾರರು ಸಾಕಷ್ಟು ಜಗಳಾಡಿದ್ದಾರೆ. ಶುರುವಾದದ್ದು ಕಾಲು ಎಟುಕದ ಯಾವನೋ ಒಬ್ಬನಿಗಾಗಿ ಕಟ್ಟಿದ ಮೆಟ್ಟಿಲಿನಿಂದ ಇದ್ದೀತು.

ಹತ್ತುವುದು ಒಂದು ಕತೆಯಾದರೆ ಹತ್ತಿದ ಮೇಲೆ ಹಿಡಿತದಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ಇದರಲ್ಲಿ ಕುಳ್ಳರು ತಮ್ಮದೇ ದಾರಿ ತೋರಿಸಿದ್ದು ರೇಸಿನ ಮೈದಾನದಲ್ಲಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಜಾಕಿಗಳು ಉದ್ದ ರಿಕಾಪು ಬಿಟ್ಟುಕೊಂಡು, ಕಾಲು ಇಳಿಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಹಾಗೆ ಕೂತರೆ ಉದ್ದ ಕಾಲಿನವನಿಗೇ ಅನುಕೂಲ. ಹದಿಮೂರು ವರ್ಷ ಚಾಂಪಿಯನ್ ಆದ ಫ್ರೆಡ್ ಆರ್ಚರ್ ಐದಡಿ ಹತ್ತು ಇಂಚಿನ ಸುಮಾರಿನವನು; ತೂಕ ಇಳಿಸಲು ಉಪವಾಸ ಬಿದ್ದು, ಭೇದಿ ಔಷಧಿ ಕುಡಿದು ಜೀವ ಸವೆಸಿ, 1886ರಲ್ಲಿ ಇಪ್ಪತ್ತೊಂಬತ್ತಕ್ಕೇ ತನ್ನನ್ನು ತಾನು ಕೊಂದುಕೊಂಡ.

ಹನ್ನೊಂದು ವರ್ಷದ ಮೇಲೆ ಅಮೆರಿಕದಿಂದ ಟಾಡ್ ಸ್ಲೋನ್ ಬಂದ. ಐದಡಿಯ ಆಸುಪಾಸಿನ ಮನುಷ್ಯ, ಕಾಲಂತೂ ತೀರ ಗಿಡ್ಡ. ಚಿಕ್ಕಂದಿನಲ್ಲಿ ಅವನನ್ನು ಟೋಡ್, ಅಂದರೆ ಕಪ್ಪೆ, ಎಂದು ಕರೆಯುತ್ತಿದ್ದರು; ಆ ಅಡ್ಡಹೆಸರೇ ತಿದ್ದಿಕೊಂಡು ಟಾಡ್ ಆಯಿತು. ಒಂದು ದಿನ ಕುದುರೆ ಹತೋಟಿ ಮೀರಿ ಓಡಿದಾಗ ಅವನು ಜೀನಿನಿಂದ ಎದ್ದು ಕತ್ತಿನ ಮೇಲೆ ಬಾಗಿ ಜೋತುಬಿದ್ದ. ನೋಡಿದವರು ನಕ್ಕರು. ಅವನಿಗೆ ಮಾತ್ರ ಕುದುರೆ ಹಗುರಾಗಿ ಹೋಗುತ್ತಿದೆ ಎನ್ನಿಸಿತು. ರಿಕಾಪನ್ನು ಮೇಲೆ ಮೇಲೆ ಕಟ್ಟಿ, ಮಂಡಿ ಮಡಿಸಿ, ಜೂಲಿಗೆ ಮೂಗು ತಾಗುವಂತೆ ಕುಕ್ಕರಿಸುವುದನ್ನು ರೂಢಿ ಮಾಡಿಕೊಂಡ. 1897ರಲ್ಲಿ ಇಂಗ್ಲೆಂಡಿನವರು ಇದನ್ನು ಕೋಲಿನ ಮೇಲಿನ ಕೋತಿ ಎಂದು ಹಂಗಿಸಿದರು. ಮರುವರ್ಷ ನ್ಯೂಮಾರ್ಕೆಟ್ಟಿನಲ್ಲಿ ಕೋತಿ ಒಂದೇ ದಿನ ಐದು ರೇಸು ಗೆದ್ದಿತು. ನ್ಯಾಯವಾಗಿ ಹೇಳಬೇಕೆಂದರೆ ಈ ಕೂರುವ ಬಗೆ ಅವನ ಸ್ವಂತದ್ದೇ ಅಲ್ಲ. ಅಮೆರಿಕದ ಕಪ್ಪು ಜಾಕಿಗಳು ಮೊದಲೇ ಹೀಗೆ ಕೂರುತ್ತಿದ್ದರು. ಅವರಲ್ಲೊಬ್ಬನಾದ ವಿಲಿ ಸಿಮ್ಸ್ 1895ರಲ್ಲೇ ಇಂಗ್ಲೆಂಡಿಗೆ ಹೋಗಿ ಬಂದಿದ್ದ. ಹೆಸರು ಸ್ಲೋನನಿಗೆ ಹೋಯಿತು.

ಏಕೆ ಗೆದ್ದ ಎಂಬುದು ತೂಗಿ ಅಳೆದು ಗೊತ್ತಾದದ್ದು ನೂರು ವರ್ಷದ ಮೇಲೆ. 2009ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಪ್ರಕಾರ, ಕುಕ್ಕರಿಸಿದ ಜಾಕಿಯ ಮೈ ಕುದುರೆಯ ಜೊತೆ ಮೇಲೆ ಕೆಳಗೆ, ಹಿಂದೆ ಮುಂದೆ ತೂಗಾಡುವುದಿಲ್ಲ. ಮಡಿಸಿದ ಮಂಡಿ ಕುದುರೆಯ ಕುಲುಕಾಟವನ್ನು ಸ್ಪ್ರಿಂಗಿನ ಹಾಗೆ ನುಂಗಿಕೊಳ್ಳುತ್ತದೆ. ಕುದುರೆ ಅವನ ತೂಕ ಹೊರುತ್ತದೆಯೇ ಹೊರತು ಪ್ರತಿ ನೆಗೆತಕ್ಕೂ ಅವನನ್ನು ಹೊಸದಾಗಿ ಎಳೆದು ತಳ್ಳಬೇಕಿಲ್ಲ. ಈ ಬಗೆ ಹಬ್ಬಿದ 1900ರ ಆಸುಪಾಸಿನಲ್ಲಿ ದೊಡ್ಡ ರೇಸುಗಳ ಕಾಲ ಶೇಕಡ 5ರಿಂದ 7ರಷ್ಟು ಇಳಿದದ್ದನ್ನು ಅವರು ತೋರಿಸಿದರು. ಕಷ್ಟವೆಲ್ಲ ಜಾಕಿಯ ತೊಡೆಗೆ, ಸುಖ ಕುದುರೆಗೆ.

ಈ ದಾರಿಯಲ್ಲಿ ಬಹಳ ದೂರ ಹೋದವನು ಬಿಲ್ ಶೂಮೇಕರ್. 1931ರಲ್ಲಿ ಟೆಕ್ಸಸಿನಲ್ಲಿ ಕಿಲೋಗಿಂತ ತುಸು ಹೆಚ್ಚು ತೂಕದ ಕೂಸಾಗಿ ಹುಟ್ಟಿದಾಗ ಬದುಕುವ ಆಸೆ ಇರಲಿಲ್ಲ. ಬೂಟಿನ ಡಬ್ಬಿಯಲ್ಲಿಟ್ಟು ಒಲೆಯ ಬೆಚ್ಚನೆಯಲ್ಲಿ ಉಳಿಸಿಕೊಂಡರು ಎನ್ನುತ್ತಾರೆ. ಬೆಳೆದರೂ ನಾಲ್ಕಡಿ ಹನ್ನೊಂದು ಇಂಚು ದಾಟಲಿಲ್ಲ, ಐವತ್ತು ಕಿಲೋ ಮುಟ್ಟಲಿಲ್ಲ. ಅವನ ಹತ್ತು ಪಾಲು ತೂಗುವ ಕುದುರೆಗಳ ಮೇಲೆ ಕೂತು 8,833 ರೇಸು ಗೆದ್ದ. ರೇಸಿನವರು ಹೊಗಳುತ್ತಿದ್ದದ್ದು ಅವನ ಮೃದುವಾದ ಕೈಗಳನ್ನು. ಅರ್ಧ ಟನ್ನಿನ ಪ್ರಾಣಿಯೊಡನೆ ಹಗ್ಗಜಗ್ಗಾಟಕ್ಕೆ ನಿಂತರೆ ಐವತ್ತು ಕಿಲೋದವನೂ ಸೋಲುತ್ತಾನೆ, ನೂರು ಕಿಲೋದವನೂ ಸೋಲುತ್ತಾನೆ, ಅವನು ನಿಲ್ಲಲಿಲ್ಲ. ತಪ್ಪು ಮಾಡಲಿಲ್ಲವೆಂದಲ್ಲ. 1957ರ ಕೆಂಟಕಿ ಡರ್ಬಿಯಲ್ಲಿ ಗುರಿಗಂಬ ದಾಟಿದೆನೆಂದುಕೊಂಡು ಮೊದಲೇ ರಿಕಾಪಿನ ಮೇಲೆ ಎದ್ದುನಿಂತ. ಕುದುರೆ ಮೂಗಿನಷ್ಟು ಅಂತರದಲ್ಲಿ ಸೋತಿತು. ಅದೇ ಡರ್ಬಿಯನ್ನು ನಾಲ್ಕನೇ ಸಲ, ಫರ್ಡಿನಾಂಡ್ ಎಂಬ ಕುದುರೆಯ ಮೇಲೆ 1986ರಲ್ಲಿ ಗೆದ್ದಾಗ ಅವನಿಗೆ ಐವತ್ತನಾಲ್ಕು.

ಬೆಂಗಳೂರಿನ ರೇಸ್‌ಕೋರ್ಸಿಗೆ ಹೋದವರಲ್ಲಿ ಹೆಚ್ಚಿನವರ ಕಣ್ಣು ಗುರಿಗಂಬದ ಮೇಲೆ, ಇಲ್ಲವೇ ಕೈಯಲ್ಲಿರುವ ರೇಸ್ ಪುಸ್ತಕದ ಮೇಲೆ. ಅದಕ್ಕಿಂತ ನೋಡತಕ್ಕದ್ದು ರೇಸಿಗೆ ಮೊದಲು ಪ್ಯಾಡಕ್ಕಿನಲ್ಲಿ ನಡೆಯುತ್ತದೆ. ಹೈದರ್ ಟಿಪ್ಪುಗಳ ಕಾಲದಿಂದ ಕುದುರೆಗೆ ಹೆಸರಾದ ಕುಣಿಗಲ್ಲಿನಲ್ಲಿ ಹುಟ್ಟಿದವೂ ಅಲ್ಲಿ ಸುತ್ತು ಹೊಡೆಯುತ್ತಿರಬಹುದು; ಹದಿನಾರು ಹ್ಯಾಂಡಿನ ಮೈ, ಎಣ್ಣೆ ಹಚ್ಚಿದಂಥ ಹೊಳಪು. ಜಾಕಿ ಪಕ್ಕಕ್ಕೆ ಬಂದು ನಿಂತರೆ ತಲೆ ಕುದುರೆಯ ಹೆಗಲಿಗೂ ಬರುವುದಿಲ್ಲ. ರಿಕಾಪನ್ನು ಎಷ್ಟು ಮೇಲೆ ಕಟ್ಟಿರುತ್ತಾರೆಂದರೆ ನೆಲದಿಂದ ಅದಕ್ಕೆ ಕಾಲು ಕೊಡುವುದು ಆರಡಿಯವನಿಗೂ ಆಗದು. ಎಡಗೈಯಲ್ಲಿ ಲಗಾಮಿನ ಜೊತೆ ಒಂದು ಹಿಡಿ ಜೂಲು, ಬಲಗೈ ಜೀನಿನ ಮೇಲೆ, ಎಡಗಾಲು ಮಂಡಿಯಲ್ಲಿ ಮಡಿಚಿ ಹಿಂದಕ್ಕೆ. ಆಳು ಅಂಗೈಯನ್ನು ಮೊಣಕಾಲಿನ ಕೆಳಗೆ ಕೊಟ್ಟು ಒಂದೇ ದಮ್ಮಿಗೆ ಎತ್ತುತ್ತಾನೆ. ಜಾಕಿ ಹಕ್ಕಿ ಕೂತ ಹಾಗೆ ಜೀನಿನ ಮೇಲೆ ಇಳಿಯುತ್ತಾನೆ, ಕಾಲಿನಿಂದಲೇ ತಡಕಿ ರಿಕಾಪು ಹುಡುಕುತ್ತಾನೆ. ಎಷ್ಟೋ ಸಲ ಇಷ್ಟೆಲ್ಲ ಆಗುವಾಗ ಕುದುರೆ ನಡೆಯುವುದನ್ನು ನಿಲ್ಲಿಸಿರುವುದೇ ಇಲ್ಲ. ಎತ್ತಿದವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮುಂದಿನ ಕುದುರೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾನೆ.