ತಲೆ ಸವೆದ ಬೋಲ್ಟಿನ ಪೂರ್ವೋತ್ತರ

ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಸೇತುವೆಯನ್ನು ನೋಡದವರು ಮೈಸೂರು ಸೀಮೆಯಲ್ಲಿ ಕಡಮೆ. ೧೭೩೫ರಲ್ಲಿ, ದಳವಾಯಿಗಳ ಕಾಲದಲ್ಲಿ, ಕಲ್ಲಿನಿಂದ ಕಟ್ಟಿದ ಸೇತುವೆ ಅದು. ಕಟ್ಟಿದವರಿಗೆ ಬೋಲ್ಟಿನ ಹಂಗು ಇರಲಿಲ್ಲ. ಕಲ್ಲು ಕಲ್ಲಿನ ಮೇಲೆ ತನ್ನ ಭಾರದಿಂದಲೇ ಕುಳಿತಿದೆ. ದೊಡ್ಡ ಜಾತ್ರೆಗೆಂದು ಆ ಸೇತುವೆ ದಾಟಿ ಬರುತ್ತಿದ್ದ ಎತ್ತಿನ ಗಾಡಿಗಳಿಗೂ ಆಧಾರವಾಗಿದ್ದುದು ಬೆಣೆ, ಕೀಲು, ಕಡಾಣಿಗಳೇ. ಕಡಾಣಿಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಕು, ಸುತ್ತಿಗೆಯಿಂದಲೇ ಹೊಡೆದು ತೆಗೆಯಬೇಕು. ನಂಜನಗೂಡಿನ ಕಡಾಣಿ ತಿರುಮಕೂಡಲು ನರಸೀಪುರದ ಗಾಡಿಗೆ ಒಪ್ಪದಿದ್ದರೆ ಕಮ್ಮಾರ ಕಾಯಿಸಿ ಎರಡು ಪೆಟ್ಟು ಹಾಕಿ ಒಪ್ಪಿಸುತ್ತಿದ್ದ. ಅಳತೆಯ ಜಗಳ ಅಲ್ಲಿಗೆ ತೀರುತ್ತಿತ್ತು.

ರೈಲು ಬಂದ ಮೇಲೆ ಹಾಗಾಗಲಿಲ್ಲ. ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಹಾಕಿದರು. ಮುಂದೆ ಆ ಕಲ್ಲಿನ ಸೇತುವೆಯ ಮೇಲೆಯೇ, ರಸ್ತೆಯ ಮಗ್ಗುಲಲ್ಲಿ, ಕಂಬಿಗಳೂ ಹಾದುವು. ಕಂಬಿಗೆ ಕಂಬಿಯನ್ನು ಕೂಡಿಸಲು ಬೋಲ್ಟು ನಟ್ಟು ಬೇಕು. ಬೋಲ್ಟಿನ ಮೈಮೇಲಿನ ತಿರುಪಿಗೂ—ನಮ್ಮ ಮೆಕ್ಯಾನಿಕ್ಕುಗಳು ಅದನ್ನು ಥ್ರೆಡ್ಡು ಎನ್ನುತ್ತಾರೆ—ನಟ್ಟಿನ ಒಳಗಿನ ತಿರುಪಿಗೂ ಅಳತೆ ಕೂಡಿ ಬರದಿದ್ದರೆ ಎರಡು ಸುತ್ತಿಗೆಲ್ಲ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಕಮ್ಮಾರನ ಪೆಟ್ಟಿನಿಂದ ರಾಜಿಯಾಗುವಂತಿಲ್ಲ. ಯಾರೋ ಒಬ್ಬರು ಎಲ್ಲೋ ಕುಳಿತು ಅಳತೆಯನ್ನು ಗೊತ್ತುಮಾಡಬೇಕು, ಉಳಿದವರು ಒಪ್ಪಬೇಕು. ಗೊತ್ತುಮಾಡುವವರು ಅನೇಕರಾದರು, ಒಪ್ಪುವವರು ಕಡಮೆಯಾದರು. ಮೋಟಾರಿನ ಎಂಜಿನ್ನು ಬಿಚ್ಚುವಾಗ ತಲೆ ಸವೆದು ದುಂಡಗಾಗುವ ಒಂದೊಂದು ಬೋಲ್ಟಿನ ಹಿಂದೆಯೂ ಈ ಕತೆ ಇದೆ. ನಾವು ಅದನ್ನು ಹುಡುಗನ ಕೈಗುಣವೆಂದು ಬೈದು ಬಿಟ್ಟುಬಿಡುತ್ತೇವೆ.

ಮೊದಲು ಗೊತ್ತುಮಾಡಿದವನು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್. ಅವನ ಕಾಲದಲ್ಲಿ ಕಾರ್ಖಾನೆಗೊಂದು ತಿರುಪು. ಯಂತ್ರ ಕೊಂಡವನು ನಟ್ಟೊಂದನ್ನು ಕಳೆದುಕೊಂಡರೆ ಮಾಡಿದವನ ಬಾಗಿಲಿಗೇ ಹೋಗಬೇಕು. ವಿಟ್‌ವರ್ತ್ ಅನೇಕ ಕಾರ್ಖಾನೆಗಳ ಬೋಲ್ಟುಗಳನ್ನು ಕೂಡಿಹಾಕಿ, ಅಳೆದು, ಸರಾಸರಿ ತೆಗೆದು, ೧೮೪೧ರಲ್ಲಿ ತನ್ನ ಲೆಕ್ಕವನ್ನು ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದಿಟ್ಟ. ತಿರುಪಿನ ಕೋನ ೫೫ ಡಿಗ್ರಿ. ಏಣು ತಗ್ಗುಗಳು ದುಂಡು. ಇಂಗ್ಲಿಷ್ ರೈಲ್ವೆಗಳು ಅದನ್ನು ಹಿಡಿದವು. ಅವುಗಳ ಹಿಂದೆಯೇ ಅದು ಇಂಗ್ಲಿಷರ ಬಾವುಟ ಹಾರುತ್ತಿದ್ದ ಕಡೆಗೆಲ್ಲ ಹೋಯಿತು. ೧೮೬೪ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಎಂಬಾತ, ದುಂಡು ಏಣನ್ನು ಕೊರೆಯುವುದು ಕಷ್ಟವೆಂದು ೬೦ ಡಿಗ್ರಿಯ, ಚಪ್ಪಟೆ ಏಣಿನ ತಿರುಪನ್ನು ಸೂಚಿಸಿದ. ಅಮೆರಿಕ ಅದನ್ನು ಹಿಡಿಯಿತು. ಯೂರೋಪಿನವರು ೧೮೯೮ರಲ್ಲಿ ಜೂರಿಕ್ಕಿನಲ್ಲಿ ಸೇರಿ ಮಿಲಿಮೀಟರಿನ ತಿರುಪಿಗೆ ಒಪ್ಪಿದರು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡು ಅಮೆರಿಕಗಳು ಒಂದೇ ಪಕ್ಷವಾದರೂ, ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಸೇರದೆ ಪಡಬಾರದ ಪಾಡು ಪಟ್ಟರು. ಬುದ್ಧಿ ಬಂದ ಮೇಲೆ, ೧೯೪೮ರ ನವೆಂಬರಿನಲ್ಲಿ, ಕೆನಡವನ್ನೂ ಕೂಡಿಕೊಂಡು ವಾಷಿಂಗ್ಟನ್ನಿನಲ್ಲಿ 'ಯೂನಿಫೈಡ್' ಎಂಬ ತಿರುಪಿಗೆ ರುಜು ಹಾಕಿದರು. ಹೆಸರೇನೋ ಏಕೀಕೃತ, ಮಿಲಿಮೀಟರಿನವರು ಅದರಲ್ಲಿ ಸೇರಿರಲಿಲ್ಲ.

ತಿರುಪಿನ ಮಾತು ಹೀಗಾದರೆ ತಲೆಯ ಮಾತು ಇನ್ನೂ ಸ್ವಾರಸ್ಯ. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕಾಲು ಇಂಚು ಎಂದು ಕೊರೆದಿದ್ದರೆ ಅದು ಬೋಲ್ಟಿನ ಮೈಯ ದಪ್ಪ. ಸ್ಪ್ಯಾನರಿನ ಬಾಯಿಯನ್ನು ಅಳೆದರೆ ಅರ್ಧ ಇಂಚಿಗೂ ಚೂರು ಹೆಚ್ಚು, ಎಂದರೆ ೧೩.೩ ಮಿಲಿಮೀಟರು. ಯೂನಿಫೈಡ್ ಪದ್ಧತಿಯ ಸ್ಪ್ಯಾನರಿನ ಮೇಲೆ ಅರ್ಧ ಇಂಚು ಎಂದಿದ್ದರೆ ಬಾಯಿಯೇ ಅರ್ಧ ಇಂಚು, ೧೨.೭ ಮಿಲಿಮೀಟರು. ಇವೆರಡರ ನಡುವೆ, ಬೇಕೆಂದೇ ತಂದಿಟ್ಟಂತೆ, ಮೆಟ್ರಿಕ್ಕಿನ ೧೩. ಮೂರನ್ನೂ ಒಂದರ ಮೇಲೊಂದು ಇಟ್ಟರೂ ಮನುಷ್ಯನ ಕಣ್ಣಿಗೆ ಭೇದ ಸುಲಭವಾಗಿ ಕಾಣದು. ಬೋಲ್ಟಿನ ತಲೆಗೆ ತಿಳಿಯುತ್ತದೆ. ಹತ್ತರಲ್ಲಿ ಮೂರು ಮಿಲಿಮೀಟರಿನ ಸಡಿಲವಿದ್ದರೆ, ಒತ್ತಡ ತಲೆಯ ಆರು ಮುಖಗಳ ಮೇಲೆ ಬೀಳದೆ ಮೂಲೆಗಳ ಮೇಲೆ ಬೀಳುತ್ತದೆ. ಹೊಸ ಬೋಲ್ಟಾದರೆ ತಡೆದೀತು. ಇಪ್ಪತ್ತು ವರ್ಷ ಎಂಜಿನ್ನಿನ ಕಾವು, ನೀರು ಉಂಡು ತುಕ್ಕು ಹಿಡಿದದ್ದಾದರೆ, ಬೋಲ್ಟು ಕದಲುವ ಮೊದಲು ಮೂಲೆ ಕದಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವ ಪದಾರ್ಥ. ತಿರುಪಿನ ಸಂದುಗಳಲ್ಲಿ ಅದೇ ಬೆಣೆಯಾಗಿ ಕೂತುಬಿಡುತ್ತದೆ. ಒಮ್ಮೆ ಜಾರಿದ ಸ್ಪ್ಯಾನರು ಎರಡನೆಯ ಸಲ ಇನ್ನೂ ಸುಲಭವಾಗಿ ಜಾರುತ್ತದೆ. ಮೂರನೆಯ ಸಲಕ್ಕೆ ಆರು ಮೂಲೆಯ ತಲೆ ಗೋಲಿಯಂತಾಗುತ್ತದೆ.

ಮೂರು ಪದ್ಧತಿಗಳೂ ಒಂದೇ ಷೆಡ್ಡಿನ ಅಂಗಳದಲ್ಲಿ ಬಂದು ನಿಲ್ಲುವ ಭಾಗ್ಯ ನಮ್ಮಂಥ ದೇಶಗಳದು. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ನಮ್ಮಲ್ಲೇ ಕಾರು ಮಾಡುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಆಗಿನ ಸರ್ಕಾರ ಅದಕ್ಕೆ ಕೈಗೊಡಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಕಾರ್ಖಾನೆಗಳು ತಲೆಯೆತ್ತಿದಾಗ ಒಂದೊಂದೂ ಒಂದೊಂದು ದೇಶದ ಕೈ ಹಿಡಿದಿತ್ತು. ಮಹೀಂದ್ರರ ಜೀಪು ಅಮೆರಿಕದ್ದು; ಮದರಾಸಿನ ಲೇಲ್ಯಾಂಡ್ ಲಾರಿ ಇಂಗ್ಲೆಂಡಿನದು; ೧೯೫೪ರಲ್ಲಿ ಜಮ್‌ಷೆಡ್‌ಪುರದಿಂದ ಹೊರಟ ಟಾಟಾ ಮರ್ಸಿಡಿಸ್ ಜರ್ಮನಿಯದು; ಅದೇ ಸುಮಾರಿಗೆ ಬೊಂಬಾಯಿಯಿಂದ ಬಂದ ಫಿಯಟ್ ಇಟಲಿಯದು. ಮೈಸೂರಿನ ಯಾದವಗಿರಿಯಲ್ಲಿಯೇ ೧೯೬೧ರಿಂದ ಜಾವಾ ಮೋಟಾರ್ ಸೈಕಲ್ಲು ತಯಾರಾಗತೊಡಗಿತು. ೧೯೯೬ರಲ್ಲಿ ಮುಚ್ಚುವವರೆಗೆ ಆ ಕಾರ್ಖಾನೆ ಚೆಕೊಸ್ಲೊವಾಕಿಯದ ಮಿಲಿಮೀಟರನ್ನು ಈ ಜಿಲ್ಲೆಯ ಹಳ್ಳಿ ಹಳ್ಳಿಗೆ ಮುಟ್ಟಿಸಿತು. ನಂಜನಗೂಡಿನ ಮೇಲೆ ಊಟಿಗೂ, ನರಸೀಪುರದ ಮೇಲೆ ಕೊಳ್ಳೇಗಾಲಕ್ಕೂ ಹೋಗುವ ರಸ್ತೆಗಳಲ್ಲಿ ಇವೆಲ್ಲವೂ ಓಡಿದವು. ಓಡಿದ್ದೆಲ್ಲ ಒಂದಲ್ಲ ಒಂದು ದಿನ ಕೆಟ್ಟು ನಿಂತವು.

ಎಲ್ಲಕ್ಕಿಂತ ವಿಚಿತ್ರವಾದದ್ದು ಮಾರಿಸ್ ಎಂಜಿನ್ನಿನ ಕತೆ. ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿ ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಮೆಷಿನ್ ಗನ್ನುಗಳ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಅಲ್ಲಿ ಮಾರಿಸ್ ಕಾರಿಗೆ ಎಂಜಿನ್ನು ಮಾಡತೊಡಗಿದರು. ೧೯೨೩ರಲ್ಲಿ ವಿಲಿಯಂ ಮಾರಿಸ್ ಕಾರ್ಖಾನೆಯನ್ನೇ ಕೊಂಡುಕೊಂಡ. ಯಂತ್ರಗಳೆಲ್ಲ ಫ್ರೆಂಚರವು, ಮಿಲಿಮೀಟರಿನವು. ಬದಲಾಯಿಸಲು ಹೊರಟರೆ ಹಣ. ಆದರೆ ಕಾರು ಕೊಳ್ಳುವ ಇಂಗ್ಲಿಷ್ ದೊರೆಯ ಮನೆಯಲ್ಲಿರುವುದು ವಿಟ್‌ವರ್ತ್ ಸ್ಪ್ಯಾನರು. ಅದಕ್ಕಾಗಿ ಬೋಲ್ಟಿನ ಮೈಗೆ ಫ್ರೆಂಚ್ ತಿರುಪು, ತಲೆಗೆ ಇಂಗ್ಲಿಷ್ ಅಳತೆ ಕೊಟ್ಟರು. ಹಿಂದೂಸ್ಥಾನ್ ಮೋಟಾರ್ಸಿನ ಮೊದಮೊದಲ ಕಾರುಗಳು ಮಾರಿಸ್ ವಂಶದವೇ. ನಮ್ಮ ಮೇಸ್ತ್ರಿಗಳು ಇಂಗ್ಲಿಷ್ ತಲೆ ನೋಡಿ ಇಂಗ್ಲಿಷ್ ನಟ್ಟು ಹುಡುಕಿದರೆ ಅದು ಸೇರದು! ಮುಂದೆ ಅಂಬಾಸಡರಿಗೆ ಬಂದ ೧೪೮೯ ಸಿ.ಸಿ.ಯ ಎಂಜಿನ್ನು ಯೂನಿಫೈಡ್ ತಿರುಪಿನದು. ೧೯೯೦ರ ದಶಕದಲ್ಲಿ ಅದೇ ಕಾರಿಗೆ ಜಪಾನಿನ ಇಸುಜು ಎಂಜಿನ್ನು ಕೂರಿಸಿದಾಗ, ಮೈಯೆಲ್ಲ ಇಂಚು, ಹೃದಯ ಮಾತ್ರ ಮಿಲಿಮೀಟರು ಎಂಬಂತಾಯಿತು.

ನಮ್ಮ ಸರ್ಕಾರ ೧೯೫೬ರಲ್ಲಿ ತೂಕ ಅಳತೆಗಳ ಕಾನೂನು ಮಾಡಿ ೧೯೫೮ರಿಂದ ಮೆಟ್ರಿಕ್ ಪದ್ಧತಿಯನ್ನು ಜಾರಿಗೆ ತಂದಿತು. ಸರಿಯಾದ ಕೆಲಸ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಅಣೆಕಾಸನ್ನು ಜನರ ಜೇಬಿನಿಂದ ಹಿಂದಕ್ಕೆ ಪಡೆಯಬಹುದು, ಸೇರು ಪಾವುಗಳನ್ನು ಅಂಗಡಿಯಿಂದ ತೆಗೆಸಬಹುದು. ಎರಕದ ಕಬ್ಬಿಣದಲ್ಲಿ ಕೊರೆದ ಇಂಚಿನ ತೂತನ್ನು ಹಿಂದಕ್ಕೆ ಪಡೆಯುವುದು ಹೇಗೆ? ಆ ಎಂಜಿನ್ನು ಇರುವವರೆಗೂ ಅದು ಇಂಚಿನದೇ. ಕಾನೂನಿಗೂ ಎಂಜಿನ್ನಿಗೂ ನಡುವೆ ನಿಂತು ಹೊಂದಿಸಿಕೊಂಡು ಹೋದವರು ರಸ್ತೆ ಬದಿಯ ಮೇಸ್ತ್ರಿಗಳು. ಅವರ ಕೆಲಸದ ಬಗ್ಗೆ ಯಾರೂ ವರದಿ ಬರೆಯಲಿಲ್ಲ; ಅವರೂ ಬರೆದಿಡಲಿಲ್ಲ.

ಆ ವಿದ್ಯೆಯನ್ನು ನಾನು ಹತ್ತಿರದಿಂದ ನೋಡಿದ್ದು ನಮ್ಮ ಮನೆಯ ಅಂಬಾಸಡರಿನಿಂದ. ಎಪ್ಪತ್ತರ ದಶಕದ ಕಾರು. ಒಂದು ಸಲ ನರಸೀಪುರದಲ್ಲಿ ನೀರಿನ ಪಂಪು ಸೋರತೊಡಗಿತು. ಅಲ್ಲಿಯ ಷೆಡ್ಡೊಂದರ ಹುಡುಗ ಪಂಪು ಬಿಚ್ಚಲು ಹೋಗಿ, ಒಂದು ಬೋಲ್ಟಿನ ತಲೆ ದುಂಡಗಾಯಿತು. ಮಾರುತಿ ಬಂದ ಮೇಲೆ ಹುಟ್ಟಿದ ಹುಡುಗ; ಅವನ ಪೆಟ್ಟಿಗೆಯಲ್ಲಿ ಇಂಚಿನ ಸ್ಪ್ಯಾನರು ಇರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಕಾರನ್ನು ನಂಜನಗೂಡಿಗೆ ಎಳೆಸಿಕೊಂಡು ಬಂದೆವು. ಊಟಿ ರಸ್ತೆಯ ಪಕ್ಕದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರ ಷೆಡ್ಡು. ಹುಡುಗನೂ ಜೊತೆಯಲ್ಲೇ ಬಂದಿದ್ದ.

ಮೇಸ್ತ್ರಿ ಬಗ್ಗಿ ನೋಡಿ, ಬೆರಳಿನಿಂದ ತಲೆಯನ್ನು ಸವರಿ, "ಏನ್ ಹಾಕ್ದೆ ಮಗ?" ಎಂದರು.

"ಹದ್ಮೂರು ಹಾಕ್ದೆ ಮೇಸ್ತ್ರಿ. ಕೂತ್ಕತ್ತಲ್ಲ."

"ಕೂತ್ಕತ್ತದೆ. ಹಿಡಿಯಾಕಿಲ್ಲ. ಇದು ಅರ್ಧ ಇಂಚು ಕನಪ್ಪ."

ಹುಡುಗ ಚಾಣ ಇಟ್ಟು ಹೊಡೆಯೋಣವೆಂದ. ಮೇಸ್ತ್ರಿ ಬೇಡವೆಂದರು. ಚಾಣದ ಪೆಟ್ಟು ಅಡ್ಡಡ್ಡವಾಗಿ ಬೀಳುತ್ತದೆ. ತಲೆ ಹಾರಿಹೋದರೆ ಉಳಿದ ಮೈ ಎಂಜಿನ್ನಿನೊಳಗೆ. ಆಗ ಅದನ್ನು ನಡುಮಧ್ಯೆ ಕೊರೆದು ತೆಗೆಯಬೇಕು. ಬೋಲ್ಟಿನ ಉಕ್ಕು ಗಟ್ಟಿ, ಸುತ್ತಲ ಎರಕ ಮೆತ್ತಗೆ. ಡ್ರಿಲ್ಲು ಮೆತ್ತಗಿದ್ದ ಕಡೆಗೆ ಓಡುತ್ತದೆ. ಎರಕದ ಹಿಂದೆಯೇ ನೀರಿನ ಕೋಶ. ಅಲ್ಲಿಗೆ ತೂತು ಬಿದ್ದರೆ ಎಂಜಿನ್ನೇ ಹೋದಂತೆ. ಅಂಬಾಸಡರು ೨೦೧೪ರಲ್ಲಿಯೇ ನಿಂತುಹೋಯಿತು. ಹೊಸ ಎಂಜಿನ್ನು ತರುವುದೆಲ್ಲಿಂದ?

ಅವರು ಮಾಡಿದ್ದರಲ್ಲಿ ಅವಸರವೇ ಇರಲಿಲ್ಲ. ಮೊದಲು ಸೀಮೆಎಣ್ಣೆಯನ್ನೂ ಎಂಜಿನ್ ಆಯಿಲನ್ನೂ ಬೆರಸಿ ಬೋಲ್ಟಿನ ಬುಡಕ್ಕೆ ಬಿಟ್ಟು, ಟೀ ತರಿಸಿದರು. ಟೀ ಆದ ಮೇಲೆ ಬೋಲ್ಟಿನ ನೆತ್ತಿಯ ಮೇಲೆ ಒಂದು ಕಬ್ಬಿಣದ ತುಂಡಿಟ್ಟು, ನೇರವಾಗಿ, ಸಣ್ಣ ಸಣ್ಣ ಪೆಟ್ಟು ಹಾಕಿದರು. ಒಳಗಿನ ತುಕ್ಕು ಬಿರಿಯಬೇಕು. ಎಣ್ಣೆ ಆ ಬಿರುಕಿನಲ್ಲಿ ಇಳಿಯಬೇಕು. ಮತ್ತೆ ಎಣ್ಣೆ, ಮತ್ತೆ ಪೆಟ್ಟು. ಆಮೇಲೆ ಬ್ಯಾಟರಿಯ ವೈರು ಬಿಚ್ಚಿಸಿ, ಪಕ್ಕದ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದರು. ತಲೆಯ ಮೇಲಿದ್ದ ಎಣ್ಣೆಯನ್ನು ಬಟ್ಟೆಯಿಂದ ಚೆನ್ನಾಗಿ ಒರಸಿ, ದೊಡ್ಡ ನಟ್ಟೊಂದನ್ನು ಸವೆದ ತಲೆಯ ಮೇಲೆ ಕೂರಿಸಿ, ನಟ್ಟಿನ ತೂತಿನೊಳಗಿಂದ ವೆಲ್ಡಿಂಗ್ ತುಂಬಿಸಿದರು. ಹೊಸ ತಲೆಯೊಂದು ಬಂದಿತು. ನನಗೆ ಅಷ್ಟೇ ಕಂಡದ್ದು. ಅದಕ್ಕಿಂತ ದೊಡ್ಡ ಕೆಲಸ ಒಳಗೆ ನಡೆದಿತ್ತು. ವೆಲ್ಡಿಂಗಿನ ಕಾವಿಗೆ ಬೋಲ್ಟು ಉಬ್ಬಿ, ಸುತ್ತಲ ಎರಕ ಜಾಗ ಕೊಡದೆ ಅದನ್ನು ಒತ್ತುತ್ತದೆ. ಆರುವಾಗ ಕುಗ್ಗಿ ತುಕ್ಕಿನ ಹಿಡಿತ ಬಿಟ್ಟುಹೋಗುತ್ತದೆ.

ಹುಡುಗ ಆಗಲೇ ಸ್ಪ್ಯಾನರು ಎತ್ತಿಕೊಂಡಿದ್ದ. "ಕೆಂಪು ಹೋಗ್ಲಿ, ಇರು" ಎಂದು ಮೇಸ್ತ್ರಿ ಬೀಡಿ ಹಚ್ಚಿದರು. ಬೀಡಿ ಮುಗಿದ ಮೇಲೆ ರಿಂಗ್ ಸ್ಪ್ಯಾನರು ಹಾಕಿ ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ಒತ್ತಿದರು, ಆಮೇಲೆ ಬಿಚ್ಚುವ ಕಡೆಗೆ. ಕಿರ್ರೆಂದು ಒಂದು ಸದ್ದು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಒಂದು ತೊಟ್ಟು ಎಣ್ಣೆ. ಕಾಲು ಸುತ್ತು, ಅರ್ಧ ಸುತ್ತು. ಕೊನೆಗೆ ಬೋಲ್ಟು ಕೆಂಪು ಪುಡಿ ಉದುರಿಸುತ್ತ ಇಡಿಯಾಗಿ ಹೊರಗೆ ಬಂದಿತು. ಒಂದೂವರೆ ಗಂಟೆ ಹಿಡಿದಿತ್ತು.

ಹೊಸ ಬೋಲ್ಟಿನ ಪ್ರಶ್ನೆ ಬಂದಾಗ ಹುಡುಗ ತನ್ನ ಚೀಲದಿಂದ ೮ ಮಿಲಿಮೀಟರಿನದೊಂದನ್ನು ತೆಗೆದ. ಬಿಚ್ಚಿದ್ದು ೫/೧೬ ಇಂಚಿನದು, ಎಂದರೆ ೭.೯೪ ಮಿಲಿಮೀಟರು; ದಪ್ಪ ಒಂದೇ ಎಂದುಕೊಳ್ಳಬೇಕು. ಆದರೆ ಹಳೆಯದರಲ್ಲಿ ಇಂಚಿಗೆ ೧೮ ಸುತ್ತು, ಹೊಸದರಲ್ಲಿ ೨೦ಕ್ಕೂ ಹೆಚ್ಚು. ಮೇಸ್ತ್ರಿ ಬಾಯಲ್ಲಿ ಏನೂ ಹೇಳದೆ ಎರಡು ಬೋಲ್ಟುಗಳನ್ನೂ ಮೈಗೆ ಮೈ ತಾಗಿಸಿ ಬೆಳಕಿಗೆ ಹಿಡಿದು ತೋರಿಸಿದರು. ಮೊದಲೆರಡು ಸುತ್ತು ಒಂದರೊಳಗೊಂದು ಕೂತಿದ್ದವು. ಮುಂದೆ ಏಣಿನ ಮೇಲೆ ಏಣು ಹತ್ತಿ ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಆಮೇಲೆ ಬೆಂಚಿನ ಕೆಳಗಿನಿಂದ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದನ್ನು ಎಳೆದು ನೆಲದ ಮೇಲೆ ಸುರಿದರು. ಹತ್ತಾರು ಗಾಡಿಗಳಿಂದ ಉಳಿದ ಇಂಚಿನ ಬೋಲ್ಟುಗಳು. ಹುಡುಕಿ ಒಂದನ್ನು ತೆಗೆದು, ತಾಗಿಸಿ ನೋಡಿ, ಹುಡುಗನ ಕೈಗೆ ಕೊಟ್ಟರು. ಅದು ಸ್ಪ್ಯಾನರಿಲ್ಲದೆ ಬೆರಳಿನಲ್ಲೇ ಬುಡದವರೆಗೆ ಹೋಯಿತು.

ಹುಡುಗ ನರಸೀಪುರದ ಬಸ್ಸಿಗೆ ಹೊರಡುವಾಗ ಅರ್ಧ ಇಂಚಿನ ರಿಂಗ್ ಸ್ಪ್ಯಾನರೊಂದು ಬೇಕೆಂದು ಕೇಳಿದ. ಮೇಸ್ತ್ರಿಯವರಲ್ಲಿ ಎರಡಿದ್ದವು. ಒಂದನ್ನು ಕೊಟ್ಟು, ಐವತ್ತು ರೂಪಾಯಿ ತೆಗೆದುಕೊಂಡರು.