ಮಕ್ಕಳೂ ಸಿ.ಟಿ. ಸ್ಕ್ಯಾನೂ

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ, ಬುರುಡೆ ತೆರೆಯದೆಯೇ, ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ಪದರ ಪದರವಾಗಿ ತೆಗೆಯಲಾಯಿತು. ಯಂತ್ರವನ್ನು ರೂಪಿಸಿದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಗ್ರಾಮಫೋನ್ ತಟ್ಟೆಗಳಿಂದ ನಮಗೆ ಪರಿಚಿತವಾದ ಇ.ಎಂ.ಐ. ಕಂಪೆನಿಯ ಇಂಜಿನಿಯರು. ಇದರ ಗಣಿತವನ್ನು ಅಲನ್ ಕಾರ್ಮಾಕ್ 1963-64ರಲ್ಲೇ ಬೇರೆಯಾಗಿ ಪ್ರಕಟಿಸಿದ್ದರು. 1979ರ ವೈದ್ಯಕೀಯ ನೊಬೆಲ್ ಬಹುಮಾನ ಇಬ್ಬರಿಗೂ ಬಂತು. ಇಬ್ಬರೂ ವೈದ್ಯರಲ್ಲ ಎಂಬುದು ನನ್ನಂಥ ಬಿ.ಎಸ್ಸಿ.ಗಳಿಗೆ ಸಣ್ಣ ಸಮಾಧಾನ!

ಆಗ ಒಂದೊಂದು ಪದರಕ್ಕೆ ನಾಲ್ಕೈದು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ಮಲಗುವ ಮಗು ಎಲ್ಲಿದೆ? 1989ರ ಸುಮಾರಿಗೆ ಸುರುಳಿಯಾಕಾರದಲ್ಲಿ ಸುತ್ತುವ ಯಂತ್ರಗಳು ಬಂದು, ಕ್ರಮೇಣ ಇಡೀ ಎದೆಯ ಚಿತ್ರ ಕೆಲವೇ ಸೆಕೆಂಡುಗಳಲ್ಲಿ ಮುಗಿಯತೊಡಗಿತು. ಅನುಕೂಲ ಹೆಚ್ಚಿದಂತೆ ಮಕ್ಕಳಿಗೆ ಬರೆದುಕೊಡುವುದೂ ಹೆಚ್ಚಿತು.

ತೊಡಕು ಬಂದದ್ದು ಇಲ್ಲಿ. ದಪ್ಪ ಶರೀರದ ಹೊರಪದರಗಳೇ ಕ್ಷ-ಕಿರಣಗಳನ್ನು ಬಹುಪಾಲು ಹೀರಿಕೊಳ್ಳುತ್ತವೆ. ಮಗುವಿನ ಪುಟ್ಟ ಮೈಯಲ್ಲಿ ಆ ತಡೆಯಿಲ್ಲ. ಅಷ್ಟೇ ಕಿರಣ ಬಿಟ್ಟರೂ ಒಳಗಿನ ಅಂಗಗಳಿಗೆ ತಗಲುವ ಪ್ರಮಾಣ ಹೆಚ್ಚು. ಬೆಳೆಯುವ ಜೀವಕೋಶಗಳು ಬೇಗ ಕೆಡುತ್ತವೆ, ಮುಂದೆ ಬಾಳಬೇಕಾದ ವರ್ಷಗಳೂ ಬಹಳ. ಹೀಗಿದ್ದೂ, ಅಮೆರಿಕದಲ್ಲಿ ದೊಡ್ಡವರಿಗೆಂದು ನಿಗದಿಮಾಡಿದ ಅಳತೆಯನ್ನೇ ಅನೇಕ ಕಡೆ ಮಕ್ಕಳಿಗೂ ಇಡುತ್ತಿದ್ದರೆಂದು 2001ರಲ್ಲಿ ಬಯಲಾಯಿತು. ಹಿಂದಿನವರ ಟಿಪ್ಪಣಿಯನ್ನೇ ನಕಲುಮಾಡುವ ಕಚೇರಿಯ ಚಾಳಿ ಆಸ್ಪತ್ರೆಗಳಲ್ಲೂ ಇದೆಯೆಂದಾಯಿತು. ಅದೇ ವರ್ಷ ಡೇವಿಡ್ ಬ್ರೆನ್ನರ್ ಮತ್ತು ಸಂಗಡಿಗರು, ಆ ದೇಶದಲ್ಲಿ ವರ್ಷಕ್ಕೆ ಸ್ಕ್ಯಾನ್ ಆಗುವ 6 ಲಕ್ಷ ಮಕ್ಕಳ ಪೈಕಿ ಸುಮಾರು 500 ಮಂದಿ ಮುಂದೆಂದೋ ಅದರಿಂದಲೇ ಕ್ಯಾನ್ಸರಿಗೆ ಬಲಿಯಾಗಬಹುದೆಂದು ಅಂದಾಜಿಸಿದರು. ಗದ್ದಲವೆದ್ದಿತು. 2008ರಲ್ಲಿ ‘ಇಮೇಜ್ ಜೆಂಟ್ಲಿ’ ಎಂಬ ಆಂದೋಲನವೇ ಆರಂಭವಾಯಿತು.

2012ರ ಬ್ರಿಟಿಷ್ ಅಧ್ಯಯನ ಲೆಕ್ಕವನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಹತ್ತು ವರ್ಷದೊಳಗಿನ 10,000 ಮಕ್ಕಳ ತಲೆ ಸ್ಕ್ಯಾನ್ ಮಾಡಿದರೆ, ಮುಂದಿನ ಹತ್ತು ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಒಂದು, ಮಿದುಳಿನ ಗೆಡ್ಡೆ ಒಂದು ಹೆಚ್ಚಾಗಬಹುದು. ಇದನ್ನೋದಿ ಹೆದರಿ, ಬಿದ್ದು ಪ್ರಜ್ಞೆ ತಪ್ಪಿದ ಮಗುವಿಗೂ ಸ್ಕ್ಯಾನ್ ಬೇಡವೆನ್ನುವುದು ಶುದ್ಧ ಅವಿವೇಕ. ಒಳಗಿನ ರಕ್ತಸ್ರಾವ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಆದರೆ ತಲೆಗೆ ಪೆಟ್ಟಾದವರೆಲ್ಲರಿಗೂ ಅದು ಬೇಕಿಲ್ಲ. 2009ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದರಲ್ಲಿ, ಅಂಥ 42,412 ಮಕ್ಕಳಲ್ಲಿ ಸುಮಾರು 15,000 ಮಂದಿಗೆ ಸ್ಕ್ಯಾನ್ ಆಗಿತ್ತು. ಗಂಭೀರ ಗಾಯವಿದ್ದದ್ದು 376 ಮಂದಿಗೆ ಮಾತ್ರ. ಯಾರನ್ನು ಸ್ಕ್ಯಾನಿಲ್ಲದೆ ಬಿಡಬಹುದೆಂಬ ಲಕ್ಷಣಗಳನ್ನು ಅದರಿಂದಲೇ ಗೊತ್ತುಮಾಡಿದರು.

ಅಲ್ಟ್ರಾಸೌಂಡ್ ಸಾಲದೇ, ಅಳತೆಯನ್ನು ಮಗುವಿನ ಗಾತ್ರಕ್ಕೆ ತಕ್ಕಂತೆ ಇಟ್ಟಿದ್ದಾರೆಯೇ ಎಂದು ತಂದೆತಾಯಿಗಳು ಕೇಳಿದರೆ ತಪ್ಪಿಲ್ಲ. ವರ್ಗವಾಗಿ ಊರೂರು ಸುತ್ತುವ ನಮ್ಮಂಥವರಿಗೆ ಇನ್ನೊಂದು ಮಾತು: ಹಿಂದಿನ ಊರಿನಲ್ಲಿ ತೆಗೆಸಿದ ಫಿಲ್ಮುಗಳನ್ನು ರೇಷನ್ ಕಾರ್ಡಿನ ಜೊತೆಗೇ ಟ್ರಂಕಿನಲ್ಲಿಟ್ಟು ಒಯ್ಯಿರಿ. ಅವು ಕೈಯಲ್ಲಿದ್ದರೆ ಹೊಸ ಡಾಕ್ಟರು ಎಷ್ಟೋ ಸಲ ಮತ್ತೆ ತೆಗೆಸಬೇಕಾಗುವುದಿಲ್ಲ.